ಲೇಸರ್ ಬಿಡಿ, ಮೊದಲು ಫ್ಯಾನ್ ಆಫ್ ಮಾಡಿ

1/6
ಹೋದ ವಾರ ನಾನು ಹಾಕಿದ ಕಪ್ಪು ಪ್ಲೇಟಿನ ಫೋಟೊಗೆ ಬಂದ ಕಾಮೆಂಟ್ಸ್ ಎಲ್ಲಾ ಓದಿದೆ. "ಲೇಸರ್ ಚೀಪ್ ಇರ್ಬೇಕು ಮಗಾ." "ಲ್ಯಾಬ್ ಇಲ್ದೆ ಹೋಲೋಗ್ರಾಂ ಆಗಲ್ಲ ಬಿಡು." "ಬಿಕಾಂನೋನಿಗೆ ಇದೆಲ್ಲ ಯಾಕೆ?" ಮೂರಕ್ಕೂ ಇವತ್ತು ಉತ್ತರ ಕೊಡ್ತೀನಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನನ್ನ ವಾದ ಒಂದೇ. ಮನೆಯಲ್ಲಿ ಮಾಡುವ ಹೋಲೋಗ್ರಾಂ ಕೆಡೋದು ಹೆಚ್ಚಾಗಿ ಲೇಸರ್‌ನಿಂದ ಅಲ್ಲ, ಅಲುಗಾಟದಿಂದ. ನಾವು ನಷ್ಟವನ್ನು ತಪ್ಪು ಖಾತೆಗೆ ಬರೀತಿದ್ದೀವಿ.

2/6
ಫೋನ್ ಮೇಲೆ ಪ್ಲಾಸ್ಟಿಕ್ ಪಿರಮಿಡ್ ಇಟ್ಟು "ಮನೇಲೇ ಹೋಲೋಗ್ರಾಂ" ಅನ್ನೋ ರೀಲ್ಸ್ ಇವೆಯಲ್ಲ, ಅದು ಬರೀ ಪ್ರತಿಬಿಂಬ. 1862ರಲ್ಲೇ ಲಂಡನ್ನಿನಲ್ಲಿ ಗಾಜು ನಿಲ್ಲಿಸಿ ವೇದಿಕೆ ಮೇಲೆ ದೆವ್ವ ತೋರಿಸಿದ ಹಳೇ ಟ್ರಿಕ್. ಲೈಕ್ ಕೊಡಿ, ಬೇಡ ಅನ್ನಲ್ಲ. ಆದ್ರೆ ಆ ಹೆಸರು ಕೊಡಬೇಡಿ.

ನಿಜವಾದ ಹೋಲೋಗ್ರಫಿಗೆ ಡೆನ್ನಿಸ್ ಗ್ಯಾಬರ್‌ಗೆ 1971ರಲ್ಲಿ ನೊಬೆಲ್ ಬಂತು. ಮನೆಯಲ್ಲಿ ನಾವು ಮಾಡೋದು ಸೋವಿಯತ್ ವಿಜ್ಞಾನಿ ಯೂರಿ ಡೆನಿಸ್ಯುಕ್ ಅವರ ವಿಧಾನ. ಲೇಸರ್ ಬೆಳಕು ಪ್ಲೇಟನ್ನು ದಾಟಿ, ಹಿಂದಿರುವ ವಸ್ತುವಿಗೆ ಬಡಿದು ವಾಪಸ್ ಬರುತ್ತೆ. ಹೋಗೋ ಬೆಳಕು, ಬರೋ ಬೆಳಕು ಸೇರಿ ಪ್ಲೇಟಿನೊಳಗೆ ಸೂಕ್ಷ್ಮ ಗೆರೆಗಳನ್ನು ಬರೆಯುತ್ತವೆ.

3/6
ಈಗ ಲೆಕ್ಕ. ಲೆಕ್ಕ ನಮ್ಮ ಸಬ್ಜೆಕ್ಟು ತಾನೆ?

ಕೆಂಪು ಲೇಸರ್‌ನ ಅಲೆಯುದ್ದ ಸುಮಾರು 650 ನ್ಯಾನೊಮೀಟರ್. ಎಕ್ಸ್‌ಪೋಷರ್ ಹೊತ್ತಲ್ಲಿ ವಸ್ತು ಪ್ಲೇಟಿನಿಂದ ಅದರ ಕಾಲು ಭಾಗದಷ್ಟು ಸರಿದರೂ ಸಾಕು. ಹೋಗ್ತಾ ಕಾಲು, ಬರ್ತಾ ಕಾಲು, ಒಟ್ಟು ಅರ್ಧ ಅಲೆ ವ್ಯತ್ಯಾಸ. ಬೆಳಕಿನ ಗೆರೆ ಇದ್ದ ಜಾಗದಲ್ಲಿ ಕತ್ತಲ ಗೆರೆ ಬಂದು ಕೂರುತ್ತೆ, ಎರಡೂ ಅಳಿಸಿಹೋಗ್ತವೆ. ಆ ಕಾಲು ಭಾಗ ಅಂದ್ರೆ 0.16 ಮೈಕ್ರಾನ್. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕೂದಲನ್ನು ನಾನೂರು ಸೀಳು ಮಾಡಿದ್ರೆ ಒಂದು ಸೀಳು!

ಫೋಟೊ ತೆಗೆಯುವಾಗ ಅಲುಗಿದರೆ ಚಿತ್ರ ಮಸುಕಾಗುತ್ತೆ. ಹೋಲೋಗ್ರಾಂನಲ್ಲಿ ಅಲುಗಿದ ವಸ್ತು ಮಾಯವೇ ಆಗುತ್ತೆ. ಅದರ ಆಕಾರದ ಕಪ್ಪು ಮಾತ್ರ ಉಳಿಯುತ್ತೆ.

4/6
ಸಾಕ್ಷಿ ಬೇಕಾ? ನನ್ನ ಕೆಟ್ಟ ಪ್ಲೇಟುಗಳನ್ನೇ ನೋಡಿ.

ಮೊದಲನೆಯದು ತಂಗಿಯ ಬಟ್ಟೆ ಗೊಂಬೆ. ಗೊಂಬೆ ಪೂರ್ತಿ ಕಪ್ಪು, ಪಕ್ಕದಲ್ಲಿಟ್ಟ ನಾಣ್ಯ ಮಾತ್ರ ಥಳಥಳ. ಲೇಸರ್ ಕೆಟ್ಟದಾಗಿದ್ರೆ ನಾಣ್ಯ ಹೇಗೆ ಬಂತು ಸ್ವಾಮಿ?

ಎರಡನೆಯದು ಅಜ್ಜಿಯ ಹಿತ್ತಾಳೆ ಅಡಕತ್ತರಿ. ಒಂದು ಹಿಡಿ ಬಂತು, ಇನ್ನೊಂದು ಕಪ್ಪು. ಮೇಲಿಟ್ಟ ಪ್ಲೇಟಿನ ಭಾರಕ್ಕೆ ಕೀಲು ನಿಧಾನಕ್ಕೆ ಕೂತಿತ್ತು. ಸಾಲದ್ದಕ್ಕೆ ಅಜ್ಜಿ ಕೈಯಿಂದ ಇಸ್ಕೊಂಡು ಬಂದು ಬಿಸಿ ಆರೋ ಮೊದಲೇ ಇಟ್ಟಿದ್ದೆ. 5 ಸೆಂ.ಮೀ. ಹಿತ್ತಾಳೆ ಒಂದು ಡಿಗ್ರಿ ತಣ್ಣಗಾದ್ರೆ ಸುಮಾರು ಒಂದು ಮೈಕ್ರಾನ್ ಕುಗ್ಗುತ್ತೆ. ನಮಗಿರೋ ಲಿಮಿಟ್ 0.16!

5/6
ಹಾಗಾದ್ರೆ ಏನು ಮಾಡ್ಬೇಕು?

ಬಟ್ಟೆ, ಕಾಗದ, ಎಲೆ, ಹೂವು ಬೇಡ. ಲೋಹ, ಕಲ್ಲು, ಪಿಂಗಾಣಿ ಆರಿಸಿ. ವಸ್ತುವನ್ನು ಮೂರು ನಟ್‌ಗಳ ಮೇಲೆ ಕೂರಿಸಿ. ಮೂರು ಕಲ್ಲಿನ ಒಲೆ ಯಾವತ್ತಾದ್ರೂ ಅಲುಗಾಡಿದ್ದು ನೋಡಿದ್ದೀರಾ? ಕೀಲು ಇದ್ರೆ ಅಂಟು ಹಾಕಿ ಬಿಗಿ ಮಾಡಿ, ಅಂಟು ಪೂರ್ತಿ ಒಣಗಲಿ. ಪ್ಲೇಟನ್ನು ವಸ್ತುವಿನ ಮೇಲೇ ಇಡಿ. ಎರಡೂ ಒಟ್ಟಿಗೆ ಅಲುಗಿದರೆ ಅಷ್ಟು ತೊಂದರೆ ಇಲ್ಲ, ಬೇರೆ ಬೇರೆ ಅಲುಗಿದರೆ ಕೆಟ್ಟಿತು.

ಕೆಳಗೆ ಟೈಲ್, ಅದರ ಕೆಳಗೆ ಮರಳು ತುಂಬಿದ ಟ್ರೇ, ಅದರ ಕೆಳಗೆ ಅರ್ಧ ಗಾಳಿಯ ಸ್ಕೂಟರ್ ಟ್ಯೂಬ್. ನಗಬೇಡಿ. 1970ರ ದಶಕದ ಶುರುವಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಲಾಯ್ಡ್ ಕ್ರಾಸ್ ಮತ್ತು ಜೆರಿ ಪೆಥಿಕ್ ಮರಳಿನ ಮೇಜಿನ ಮೇಲೇ ಹೋಲೋಗ್ರಾಂ ಮಾಡಿ, ಲ್ಯಾಬಿನ ದುಬಾರಿ ಮೇಜು ಬೇಕಿಲ್ಲ ಅಂತ ತೋರಿಸಿಕೊಟ್ರು.

ಲೇಸರ್ ಪಾತ್ರ ಏನೂ ಇಲ್ಲ ಅಂತ ನಾನು ಹೇಳಲ್ಲ. ಅದರ ಬೆಳಕೂ ಸ್ಥಿರವಾಗಬೇಕು, ಹತ್ತು ನಿಮಿಷ ಮೊದಲೇ ಆನ್ ಮಾಡಿ. ನೇರ ಕಣ್ಣಿಟ್ಟು ಮಾತ್ರ ನೋಡಲೇಬೇಡಿ. ಬೆಳಕಿಗೆ ಅಡ್ಡ ಇಟ್ಟ ಕಪ್ಪು ರಟ್ಟನ್ನು ಮೇಜಿನಿಂದ ಸ್ವಲ್ಪ ಎತ್ತಿ, ಬೆಳಕಿಗೆ ಇನ್ನೂ ಅಡ್ಡ ಇರುವ ಹಾಗೇ ಹತ್ತು ಸೆಕೆಂಡ್ ಹಿಡಿದಿರಿ. ಆಮೇಲೆ ತೆಗೀರಿ.

ಇದಕ್ಕೆಲ್ಲ ಮುಂಚೆ ಫ್ಯಾನ್ ಆಫ್. ಇಪ್ಪತ್ತು ನಿಮಿಷ ಯಾರೂ ನಡೆಯಬಾರದು, ಮಾತಾಡಬಾರದು.

6/6
ಟ್ಯೂಬ್ ಪಂಕ್ಚರ್ ಅಂಗಡೀಲಿ ಫ್ರೀ ಸಿಕ್ತು. ಮರಳು ಎದುರುಮನೆ ಕಟ್ತಿರೋ ಜಾಗದ್ದು, ಕೇಳಿ ತಂದೆ. ಬಸ್ಸು ಲಾರಿ ಓಡಾಡದ ರಾತ್ರಿ ಎರಡು ಗಂಟೆಗೆ, ಅದೇ "ಚೀಪ್" ಲೇಸರ್ ಇಟ್ಟು ಮೂರನೇ ಪ್ಲೇಟ್ ಮಾಡಿದೆ. ಅಡಕತ್ತರಿ ಪೂರ್ತಿ ಬಂದಿದೆ, ಅಜ್ಜಿ ಹೆಬ್ಬೆರಳು ಸವೆಸಿದ ಗುಳಿ ಸಮೇತ. ಅಜ್ಜಿ ಪ್ಲೇಟಿನ ಹಿಂದೆ ಕೈ ಹಾಕಿ ಹುಡುಕಿದ್ರು. ವಿಡಿಯೊ ಮುಂದಿನ ಪೋಸ್ಟಲ್ಲಿ.

ಹಾಗಾಗಿ "ಲ್ಯಾಬ್ ಇಲ್ಲ, ದುಡ್ಡಿಲ್ಲ, ನಾನು ಸೈನ್ಸ್ ಅಲ್ಲ" ಅಂತ ಕೈಬಿಡೋರಿಗೆ ಒಂದೇ ಮಾತು. ಹೊಸ ಲೇಸರ್ ಕಾರ್ಟ್‌ಗೆ ಹಾಕೋ ಮೊದಲು ಇಪ್ಪತ್ತು ನಿಮಿಷ ಸುಮ್ನೆ ಕೂತು ತೋರಿಸಿ. ಫೋನ್ ಮುಟ್ಟದೆ. ಆಗುತ್ತಾ?

#ಅಲುಗಾಡಬೇಡಿ #ಮನೆಯಲ್ಲೇಹೋಲೋಗ್ರಾಂ