ಮನೆಮುರುಕನ ಕಥೆಯೂ ಸಂಸ್ಥಾನದ ಚರಿತ್ರೆಯೂ

ಮುರಗೋಡ, ಬೈಲಹೊಂಗಲ, ಸವದತ್ತಿಗಳ ಸೀಮೆಯಲ್ಲಿ ಕಿತ್ತೂರಿನ ಕಥೆಯನ್ನು ಕೇಳದ ಮನೆಯಿಲ್ಲ. ಲಾವಣಿಯಾಗಿ ಅದು ಓಣಿಓಣಿಗಳಲ್ಲಿ ಹಾಡಲ್ಪಟ್ಟಿತು, ನಾಟಕವಾಗಿ ಜಾತ್ರೆಯ ರಂಗವನ್ನೇರಿತು, 1961ರಲ್ಲಿ ಬಿ. ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಎಂಬ ಚಿತ್ರವಾಗಿ, 2012ರಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಎಂಬ ಚಿತ್ರವಾಗಿ ಬೆಳ್ಳಿತೆರೆಗೆ ಬಂದಿತು. ಈಗ ದೂರದರ್ಶನದ ಪೆಟ್ಟಿಗೆಯ ಮೂಲಕ ಅದೇ ಕಥೆಯು ಪಡಸಾಲೆಗೇ ಇಳಿದುಬರುತ್ತದೆ. ಇದು ಸಂತೋಷದ ಮಾತೇ ಸರಿ. ಆದರೆ ಆಟ ಮುಗಿದ ಬಳಿಕ ನೋಡಿದವರ ಬಾಯಿಂದ ಹೊರಡುವ ತೀರ್ಪು ಮಾತ್ರ ಸಂತೋಷಪಡತಕ್ಕದ್ದಲ್ಲ. 'ಮಲ್ಲಪ್ಪಶೆಟ್ಟಿಯೊಬ್ಬ ಇರದಿದ್ದರೆ ಕಿತ್ತೂರು ಬೀಳುತ್ತಿರಲಿಲ್ಲ' ಎಂಬ ಒಂದೇ ವಾಕ್ಯದಲ್ಲಿ ಆ ತೀರ್ಪು ಮುಗಿದುಹೋಗುತ್ತದೆ.

ಈ ತೀರ್ಪು ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಕನ್ನಡ ನುಡಿಯಲ್ಲಿ ಆ ಹೆಸರು ಅಂಕಿತನಾಮವಾಗಿ ಉಳಿಯದೆ ರೂಢನಾಮವೇ ಆಗಿದೆ. ಚುನಾವಣೆಯ ಭಾಷಣದಲ್ಲಾಗಲಿ, ಅಣ್ಣತಮ್ಮಂದಿರ ಹೊಲದ ವ್ಯಾಜ್ಯದಲ್ಲಾಗಲಿ, ಎದುರಾಳಿಯನ್ನು ಬಯ್ಯಲಿಕ್ಕೆ ಆ ಹೆಸರೊಂದೇ ಸಾಕು. ದ್ರೋಹಿಯನ್ನು ನಿಂದಿಸುವದು ತಪ್ಪಲ್ಲ. ಒಂದು ಸಂಸ್ಥಾನದ ಅಳಿವನ್ನು ಒಂದು ಮನೆಯ ಒಡಕೆಂದು ತಿಳಿದು, ಮನೆಮುರುಕನನ್ನು ಗುರುತಿಸಿದೊಡನೆ ವಿಚಾರವೇ ಮುಗಿಯಿತೆಂದು ಎದ್ದುಹೋಗುವದು ತಪ್ಪು.

ಮನೆಯ ಜಗಳದ ಕಥೆಯನ್ನು ನೋಡುವ ರೀತಿ ಈ ಸೀಮೆಯವರಿಗೆ ಹೊಸದಲ್ಲ. ಬೈಲಹೊಂಗಲದಲ್ಲಿ ನಡೆದ ಕಥೆಯೆಂದು ಪ್ರಸಿದ್ಧವಾದ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ಬೆಳತನಕ ಕುಳಿತು ನೋಡಿದ ಜನರಿವರು. ಅಲ್ಲಿ ಬಾಳ್ಯಾನು ತನ್ನ ಗೆಳೆಯನನ್ನು ಕೊಲೆಗಾರರ ಕೈಗೆ ಒಪ್ಪಿಸುವದೇ ಕಥೆಯ ತಿರುಳು. ಅವನು ದ್ರೋಹ ಬಗೆಯದಿದ್ದರೆ ಸಂಗ್ಯಾ ಬದುಕುತ್ತಿದ್ದನು. ಪ್ರೇಕ್ಷಕರ ಕಣ್ಣೀರೂ ಶಾಪವೂ ಅಲ್ಲಿ ನ್ಯಾಯವಾಗಿಯೇ ಇವೆ. ಆದರೆ ಸಂಗ್ಯಾನನ್ನು ಅಳೆದ ಕೋಲಿನಿಂದಲೇ ಕಿತ್ತೂರನ್ನೂ ಅಳೆಯಹೋದರೆ ಕೋಲೂ ಮುರಿಯುವದು, ಅಳತೆಯೂ ಸಿಗಲಾರದು.

ನಡೆದದ್ದನ್ನು ನೋಡಬೇಕು. 1816ರಲ್ಲಿ ಮಲ್ಲಸರ್ಜ ದೇಸಾಯಿಯು ತೀರಿಕೊಂಡ ಮೇಲೆ ಹಿರಿಯ ರಾಣಿ ರುದ್ರಮ್ಮನ ಮಗನಾದ ಶಿವಲಿಂಗರುದ್ರಸರ್ಜನು ಗಾದಿಗೆ ಬಂದನು. 1818ರಲ್ಲಿ ಪೇಶವೆಯ ವಿರುದ್ಧ ಇಂಗ್ಲಿಷರು ಯುದ್ಧ ಹೂಡಿದಾಗ ಕಿತ್ತೂರಿನವರು ಅವರಿಗೇ ನೆರವಾದರು. ಅದರ ಫಲವಾಗಿ ಸಂಸ್ಥಾನವು ಉಳಿಯಿತು. ಆದರೆ ಖಾನಾಪುರ ಸೀಮೆಯನ್ನು ಬಿಟ್ಟುಕೊಟ್ಟು, ವರ್ಷಕ್ಕೆ 1,75,000 ರೂಪಾಯಿಗಳ ಕಪ್ಪವನ್ನು ಒಪ್ಪಿಕೊಳ್ಳಬೇಕಾಯಿತು. ಆರೇ ವರ್ಷಗಳ ತರುವಾಯ, 1824ರ ಸೆಪ್ಟೆಂಬರದಲ್ಲಿ, ಮಕ್ಕಳಿಲ್ಲದ ಶಿವಲಿಂಗರುದ್ರಸರ್ಜನು ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡು ಮರಣಹೊಂದಿದನು. ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಆ ದತ್ತಕವನ್ನು ಮಾನ್ಯಮಾಡಲಿಲ್ಲ. ಭಾಂಡಾರಕ್ಕೆ ಮೊಹರು ಬಿದ್ದಿತು. ಅಕ್ಟೋಬರ 23ರಂದು ಕೋಟೆಯ ಬಾಗಿಲಲ್ಲಿ ಥ್ಯಾಕರೆಯು ಮಡಿದನು. ಮುಂದೆ ಬೇರೆ ಬೇರೆ ಠಾಣೆಗಳಿಂದ ದಂಡೂ ತೋಪುಗಳೂ ಬಂದು ಕೂಡಿದವು. ಡಿಸೆಂಬರದ ಮೊದಲ ವಾರದಲ್ಲಿ ಕೋಟೆಯು ಅವರ ಕೈಸೇರಿತು. ಚೆನ್ನಮ್ಮರಾಣಿಯು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ಅಲ್ಲಿಯೇ ದೇಹವಿಟ್ಟಳು.

ಈ ಪರಂಪರೆಯಲ್ಲಿ ಮೂಲಪ್ರಶ್ನೆ ಯಾವುದು? ಒಂದು ಮನೆತನಕ್ಕೆ ವಾರಸುದಾರನು ಯಾರೆಂಬದನ್ನು ಆ ಮನೆತನವು ನಿರ್ಣಯಿಸಬೇಕೋ, ದೂರದಿಂದ ಬಂದ ವ್ಯಾಪಾರಿ ಕಂಪನಿಯ ಅಧಿಕಾರಿಯೋ ಎಂಬದೇ. ಡಾಲಹೌಸಿಯು ಬಂದು ಸಾತಾರೆಯನ್ನೂ ಝಾಂಸಿಯನ್ನೂ ನುಂಗಿದ್ದು 1848ರ ಈಚೆಗೆ. ಅದೇ ಗಂಟಲು ಕಿತ್ತೂರಿಗೆ ಅದಕ್ಕೂ 24 ವರ್ಷ ಮೊದಲೇ ಬಾಯ್ತೆರೆದಿತ್ತು. ಮನೆಯಲ್ಲಿ ದ್ರೋಹಿಯೇ ಇರದಿದ್ದರೂ ದತ್ತಕವು ಮಾನ್ಯವಾಗುತ್ತಿತ್ತೇ? ಭಾಂಡಾರದ ಮೊಹರು ತೆರೆಯುತ್ತಿತ್ತೇ? ದಂಡು ಮರಳಿ ಹೋಗುತ್ತಿತ್ತೇ? ಈ ಮೂರು ಪ್ರಶ್ನೆಗಳನ್ನು ಕೇಳದವನು ಕಿತ್ತೂರಿನ ಕಥೆಯನ್ನು ನೋಡಿದರೂ ಕಾಣಲಿಲ್ಲವೆಂದೇ ಹೇಳಬೇಕು.

ಮತ್ತೂ ಒಂದು ವಿಚಿತ್ರವಿದೆ. ಮನೆಜಗಳದ ಧಾರಾವಾಹಿಗಳ ರೂಢಿಯಂತೆ ನಡೆದಿದ್ದರೆ ಚೆನ್ನಮ್ಮನು ಮಲತಾಯಿಯ ಪಾತ್ರವನ್ನು ವಹಿಸಬೇಕಾಗಿತ್ತು; ಸವತಿಯ ಮಗನ ಮೇಲೆ ಹಗೆ ಸಾಧಿಸಬೇಕಾಗಿತ್ತು. ಆದರೆ ಆಕೆಯು ಪ್ರಾಣವನ್ನು ಒತ್ತೆಯಿಟ್ಟದ್ದು ಸವತಿಯ ಮಗನು ದತ್ತಕ ತೆಗೆದುಕೊಂಡ ಹುಡುಗನ ಹಕ್ಕಿಗಾಗಿ! ಕಿತ್ತೂರಿನ ಅರಮನೆಯು ಒಡೆದ ಮನೆಯಾಗಿತ್ತೆಂಬುದಕ್ಕಿಂತ, ಒಡೆಯಬಹುದಾಗಿದ್ದಾಗ್ಯೂ ಒಡೆಯದೆ ನಿಂತ ಮನೆಯಾಗಿತ್ತೆಂಬುದೇ ದೊಡ್ಡ ಮಾತು. ಕಥೆಯಲ್ಲಿ ಅತ್ಯಂತ ಉದಾತ್ತವಾದ ಈ ಅಂಶವೇ ಪ್ರೇಕ್ಷಕರ ಬಾಯಲ್ಲಿ ಅತ್ಯಂತ ಕಡಿಮೆಯಾಗಿ ಬರುತ್ತದೆ.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. 'ದ್ರೋಹವೇ ನಡೆಯಲಿಲ್ಲವೇ? ಸಂಗೊಳ್ಳಿ ರಾಯಣ್ಣನನ್ನು ಹಿಡಿದುಕೊಟ್ಟವರು ಇಲ್ಲಿಯವರೇ ಅಲ್ಲವೇ?' ಎಂದು ಕೇಳುವವರುಂಟು. ನಿಜ. 1830ರಲ್ಲಿ ಅವನನ್ನು ಮೋಸದಿಂದ ಹಿಡಿಸಿದವರು ಸ್ವಜನರೇ; 1831ರ ಜನವರಿಯಲ್ಲಿ ನಂದಗಡದಲ್ಲಿ ಅವನು ಗಲ್ಲಿಗೇರಿದನು. ಆದರೆ ರಾಯಣ್ಣನು ಕತ್ತಿ ಹಿಡಿದದ್ದು ಯಾತಕ್ಕೆ? ಅದೇ ಶಿವಲಿಂಗಪ್ಪನನ್ನು ಗಾದಿಯ ಮೇಲೆ ಕೂಡ್ರಿಸಲಿಕ್ಕೆ. ಅವನ ಹಿಂದೆ ಜನರು ನೆರೆದದ್ದು ಯಾತಕ್ಕೆ? ಇನಾಮಿನ ಹೊಲಗಳು ಹೋದುವು, ಉಳಿದುವಕ್ಕೆ ತೆರಿಗೆಯ ಭಾರ ಬಿದ್ದಿತು ಎಂಬ ಸಂಕಟಕ್ಕೆ. ಹೊಲಕ್ಕಾಗಿ ದಂಗೆಯೇಳುವವರೂ, ಹೊಲದ ಆಸೆಗೆ ಹಿಡಿದುಕೊಡುವವರೂ ಒಂದೇ ಊರಿನಲ್ಲಿ ಹುಟ್ಟುವಂತೆ ಮಾಡಿದ ಆಡಳಿತವು ಯಾವುದು? ದ್ರೋಹವು ಬೀಜವಾದರೆ ಅದನ್ನು ಬೆಳೆಸಿದ ಮಣ್ಣನ್ನೂ ಪರೀಕ್ಷಿಸಬೇಕು.

ನೆರೆಯ ರಾಮದುರ್ಗವು ಇದಕ್ಕೆ ಎರಡನೆಯ ಸಾಕ್ಷಿ. ಅಲ್ಲಿ ಮನೆತನದ ಒಡಕು ನಿಜವಾಗಿಯೇ ಇತ್ತು. ನರಗುಂದವೂ ರಾಮದುರ್ಗವೂ ಭಾವೆಯವರ ಒಂದೇ ಮನೆತನದ ಎರಡು ಶಾಖೆಗಳು. 1858ರಲ್ಲಿ ನರಗುಂದದ ಬಾಬಾಸಾಹೇಬನು ಇಂಗ್ಲಿಷರ ಮೇಲೆ ತಿರುಗಿಬಿದ್ದಾಗ ರಾಮದುರ್ಗದ ಸಂಸ್ಥಾನಿಕನಾದ ಆತನ ಮಲಸಹೋದರನು ಇಂಗ್ಲಿಷರ ಪಕ್ಷದಲ್ಲಿ ನಿಂತನು. ಪೊಲಿಟಿಕಲ್ ಏಜಂಟನಾದ ಮ್ಯಾನ್ಸನ್ನನಿಗೆ ಎಚ್ಚರಿಕೆಯನ್ನೂ ಕೊಟ್ಟನು. ಆದಾಗ್ಯೂ ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್ನನು ಹತನಾದನು. ಜೂನದಲ್ಲಿ ಬಾಬಾಸಾಹೇಬನು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಇದನ್ನು ತೆರೆಯ ಮೇಲೆ ತಂದರೆ ಒಳ್ಳೆಯ ಅಣ್ಣ, ಕೆಟ್ಟ ತಮ್ಮ ಎಂಬ ಕಥೆಯು ಅನಾಯಾಸವಾಗಿ ಸಿದ್ಧವಾಗುವದು. ಆದರೆ ಬಾಬಾಸಾಹೇಬನು ಕೆರಳಿದ್ದೇಕೆ? ಮಕ್ಕಳಿಲ್ಲದ ಆತನಿಗೆ ದತ್ತಕದ ಅಪ್ಪಣೆಯನ್ನು ಸರಕಾರವು ನಿರಾಕರಿಸಿತ್ತು. ಕಿತ್ತೂರಿನಲ್ಲಿ ಮನೆ ಒಂದಾಗಿ ನಿಂತಿತು, ನರಗುಂದ-ರಾಮದುರ್ಗಗಳಲ್ಲಿ ಎರಡಾಗಿ ನಿಂತಿತು; ಕಾರಣವು ಮಾತ್ರ ಎರಡೆಡೆಯಲ್ಲಿಯೂ ಒಂದೇ, ಫಲವೂ ಒಂದೇ. ಮನೆಯೊಡಕೇ ಸರ್ವಕ್ಕೂ ಮೂಲವೆಂಬ ವಾದವು ಇಲ್ಲಿಗೆ ನಿಲ್ಲಲಾರದು.

ಈ ತೀರ್ಪು ಸುಳ್ಳಾಗಿರುವದಷ್ಟೇ ಅಲ್ಲ, ಅಪಾಯಕರವೂ ಆಗಿದೆ. ಹೊರಗಿನ ಅನ್ಯಾಯವನ್ನು ಅರಿಯುವದಕ್ಕೆ ಕಾಗದಪತ್ರಗಳನ್ನು ಓದಬೇಕು, ವಿಚಾರ ಮಾಡಬೇಕು. ಮನೆಯೊಳಗಿನ ದ್ರೋಹಿಯನ್ನು ಬಯ್ಯುವದಕ್ಕೆ ನಾಲಿಗೆಯೊಂದೇ ಸಾಕು. ಸುಲಭವಾದದ್ದನ್ನೇ ಆರಿಸಿಕೊಂಡ ಜನಾಂಗವು ಪ್ರತಿಯೊಂದು ಸೋಲಿಗೂ ಪಕ್ಕದ ಮನೆಯವನನ್ನೇ ಹುಡುಕತೊಡಗುವದು. ಸತ್ತು ಎರಡು ಶತಮಾನಗಳಾದವನ ಹೆಸರಿನಿಂದ ಬದುಕಿರುವವರ ಕುಲವನ್ನು ಹಳಿಯುವ ಹೀನ ಚಾಳಿಯೂ ಇದರ ಬೆನ್ನಿಗೇ ಬರುವದು. ಚೆನ್ನಮ್ಮನ ಹೆಸರು ಹೇಳಿ ಮಾಡತಕ್ಕ ಕೆಲಸ ಇದಲ್ಲ.

ನಾಟಕಕಾರರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಪ್ರೇಕ್ಷಕರು ಮೆಚ್ಚಿದ್ದನ್ನೇ ಅವರು ಮತ್ತೆ ಮತ್ತೆ ಬಡಿಸುತ್ತಾರೆ. ಆದುದರಿಂದ ಹೊಣೆಯು ಓದುಬರಹ ಬಲ್ಲ ಮನೆಗಳ ಮೇಲಿದೆ. ಮಕ್ಕಳು ತೆರೆಯ ಮುಂದಿನಿಂದ ಎದ್ದು ಬಂದಾಗ 'ದ್ರೋಹಿ ಯಾರು?' ಎಂದು ಕೇಳುವದರ ಬದಲು 'ದತ್ತಕವನ್ನು ಏಕೆ ಒಪ್ಪಲಿಲ್ಲ?' ಎಂದು ತಂದೆತಾಯಿಗಳು ಕೇಳಲಿ. ಲಾವಣಿಯಿಂದ ಬಂದದ್ದೆಷ್ಟು, ದಫ್ತರದಿಂದ ಬಂದದ್ದೆಷ್ಟು, ಕವಿಯು ಕಟ್ಟಿದ್ದೆಷ್ಟು ಎಂಬ ವಿವೇಚನೆಯನ್ನು ಕಲಿಸಲಿ. ಬೈಲಹೊಂಗಲದ ಸಮಾಧಿಯು ಮುರಗೋಡದವರಿಗೆ ದೂರವಲ್ಲ. ಅಲ್ಲಿ ಹೂವೇರಿಸಿ ಕೈಮುಗಿಯುವವರು ಆ ರಾಣಿಯು ಯಾವ ಹಕ್ಕಿಗಾಗಿ ಸೆರೆಯಲ್ಲಿ ಸತ್ತಳೆಂಬದನ್ನೂ ತಿಳಿದು ಕೈಮುಗಿಯಲಿ.