ಪೈಥಾನ್‌ಗೆ ಹೊಸ ಸೌಲಭ್ಯ: ತೀರ್ಮಾನ ಯಾರದು, ಹೊರೆ ಯಾರಿಗೆ?

ಬೆಂಗಳೂರು: ಚಿಹ್ನೆಗಾಗಿ ಕಚ್ಚಾಡುವುದು ನಮ್ಮ ರಾಜಕೀಯ ಪಕ್ಷಗಳಿಗೆ ಹೊಸದೇನಲ್ಲ. ಆದರೆ ಕಂಪ್ಯೂಟರ್ ಭಾಷೆಯೊಂದರ ಜನಕನೇ ಒಂದು ಚಿಹ್ನೆಯ ವಿವಾದದಿಂದ ಬೇಸತ್ತು ಅಧಿಕಾರ ತ್ಯಜಿಸಿದ್ದು ಅಪರೂಪದ ಪ್ರಸಂಗ. 2018ರ ಜುಲೈ 12ರಂದು ಪೈಥಾನ್ ಭಾಷೆಯ ಸೃಷ್ಟಿಕರ್ತ ಗೀಡೋ ವಾನ್ ರೋಸಮ್ ನಿರ್ಣಾಯಕ ಸ್ಥಾನದಿಂದ ಹಿಂದೆ ಸರಿದರು. ಕೋಲನ್ ಮತ್ತು ಸಮ ಚಿಹ್ನೆಗಳನ್ನು ಜೋಡಿಸಿ, ವಾಕ್ಯದ ನಡುವೆಯೇ ಮೌಲ್ಯವೊಂದಕ್ಕೆ ಹೆಸರಿಡಲು ಅವಕಾಶ ನೀಡುವ 572ನೇ ಪ್ರಸ್ತಾವ ಅದಕ್ಕೆ ಕಾರಣ. ಪ್ರಸ್ತಾವ ಅಂಗೀಕಾರವಾಯಿತು, 2019ರ 3.8 ಆವೃತ್ತಿಯಲ್ಲಿ ಜಾರಿಗೂ ಬಂದಿತು. ಗೆದ್ದವರೇ ರಾಜೀನಾಮೆ ಕೊಟ್ಟದ್ದು ಇಲ್ಲಿನ ವಿಶೇಷ.

ಪೈಥಾನ್‌ನಲ್ಲಿ ಯಾವುದೇ ಮಹತ್ವದ ಬದಲಾವಣೆ 'ಪೆಪ್' ಎಂಬ ಲಿಖಿತ ಪ್ರಸ್ತಾವದ ಮೂಲಕವೇ ಬರಬೇಕೆಂಬ ಪದ್ಧತಿ 2000ದಿಂದ ಇದೆ. ಯಾರು ಬೇಕಾದರೂ ಬರೆಯಬಹುದು. ಆದರೆ ಹೊರಗಿನವರಾದರೆ ಮೂಲ ಅಭಿವೃದ್ಧಿ ತಂಡದ ಸದಸ್ಯರೊಬ್ಬರ ಬೆಂಬಲ ಬೇಕು. ಸೌಲಭ್ಯ ಏಕೆ ಬೇಕು, ಹಳೆಯ ಪ್ರೋಗ್ರಾಮುಗಳಿಗೆ ಧಕ್ಕೆಯಾದೀತೇ, ಹೊಸಬರಿಗೆ ಇದನ್ನು ಕಲಿಸುವುದು ಹೇಗೆ ಎಂಬುದಕ್ಕೆಲ್ಲ ಉತ್ತರವಿರಬೇಕು. ಕೈಬಿಟ್ಟ ಪರ್ಯಾಯಗಳನ್ನೂ ಕಾರಣಸಹಿತ ದಾಖಲಿಸಬೇಕು. ನಮ್ಮ ಶಾಸನಸಭೆಗಳ ಮಸೂದೆಗಳಿಗೂ ಇಂಥದೊಂದು ಕಲಮು ಇದ್ದಿದ್ದರೆ ಎಂದು ಅನಿಸದಿರದು.

ಗೀಡೋ ನಿರ್ಗಮನದ ಬಳಿಕ ಆಡಳಿತಕ್ಕಾಗಿ ಏಳು ಮಾದರಿಗಳು ಸ್ಪರ್ಧಿಸಿದವು. 2018ರ ಡಿಸೆಂಬರಿನ ಮತದಾನದಲ್ಲಿ ಐವರ ಚುನಾಯಿತ ಮಂಡಳಿಯ ಮಾದರಿ ಆಯ್ಕೆಯಾಯಿತು. ಒಂದೇ ಸಂಸ್ಥೆಯ ಇಬ್ಬರಿಗಿಂತ ಹೆಚ್ಚು ಮಂದಿ ಮಂಡಳಿಯಲ್ಲಿ ಇರುವಂತಿಲ್ಲ. ಮತದಾನದ ಹಕ್ಕು ಮಾತ್ರ ಮೂಲ ತಂಡದ ಸದಸ್ಯರಿಗೆ ಸೀಮಿತ. ಭಾಷೆಯನ್ನು ನಿತ್ಯ ಬಳಸುವ ಬೃಹತ್ ಸಮುದಾಯಕ್ಕೆ ಅಭಿಪ್ರಾಯ ಹೇಳುವ ಸ್ವಾತಂತ್ರ್ಯವಿದೆ, ಮತವಿಲ್ಲ.

ಈ ಅಭಿಪ್ರಾಯಕ್ಕೆ ಬೆಲೆಯುಂಟೇ? 2021ರ ಘಟನೆಯನ್ನು ಗಮನಿಸಬೇಕು. ಪ್ರೋಗ್ರಾಮಿನಲ್ಲಿ ಬರೆಯುವ ವಿಧ-ಸೂಚನೆಗಳನ್ನು ಪೈಥಾನ್ ಕೂಡಲೇ ಲೆಕ್ಕಿಸದೆ ಬರಿಯ ಪಠ್ಯವಾಗಿ ಇಟ್ಟುಕೊಳ್ಳಬೇಕು ಎಂಬುದು 563ನೇ ಪ್ರಸ್ತಾವ. 2018ರ 3.7 ಆವೃತ್ತಿಯಲ್ಲಿ ಅದು ಐಚ್ಛಿಕವಾಗಿ ಬಂದಿತ್ತು, 3.10ರಲ್ಲಿ ಎಲ್ಲರಿಗೂ ಕಡ್ಡಾಯವಾಗಬೇಕಿತ್ತು. ಈ ಸೂಚನೆಗಳನ್ನು ಪ್ರೋಗ್ರಾಮು ನಡೆಯುವಾಗಲೇ ಓದಿ ಕೆಲಸ ಮಾಡುವ 'ಪೈಡ್ಯಾಂಟಿಕ್', 'ಫಾಸ್ಟ್ಎಪಿಐ'ಯಂಥ ಸಾಧನಗಳಿಗೆ ಇದರಿಂದ ಪೆಟ್ಟು ಬೀಳುತ್ತದೆ ಎಂಬ ಆಕ್ಷೇಪ ಆ ವರ್ಷದ ಏಪ್ರಿಲ್‌ನಲ್ಲಿ ಜೋರಾಯಿತು. ಹೊಸ ಸೌಲಭ್ಯಗಳ ಸೇರ್ಪಡೆಗೆ ಬಾಗಿಲು ಮುಚ್ಚಲು ಕೆಲವೇ ವಾರಗಳಿದ್ದಾಗ ಮಂಡಳಿ ಹೆಜ್ಜೆ ಹಿಂದಿಟ್ಟಿತು. ಅಂತಿಮವಾಗಿ ಲ್ಯಾರಿ ಹೇಸ್ಟಿಂಗ್ಸ್ ಅವರ 649ನೇ ಪ್ರಸ್ತಾವದ ಭಿನ್ನ ವಿಧಾನ 2025ರ ಅಕ್ಟೋಬರಿನ 3.14 ಆವೃತ್ತಿಯಲ್ಲಿ ಜಾರಿಗೊಂಡಿತು. 563 ಅಂಗೀಕಾರವಾಗಿದ್ದು 2017ರಲ್ಲಿ ಎಂಬುದು ನೆನಪಿರಲಿ.

ಇದನ್ನು ವ್ಯವಸ್ಥೆಯ ಗೆಲುವೆಂದು ಬಣ್ಣಿಸುವವರಿದ್ದಾರೆ. ಅರ್ಧ ಮಾತ್ರ ನಿಜ. ಚರ್ಚೆ ಮುಕ್ತವಾಗಿದ್ದರೂ ಬಾಧಿತರ ದನಿ ಕೇಳಿಸಿದ್ದು ಕೊನೆಯ ಗಳಿಗೆಯಲ್ಲಿ. ಅದೂ ಜನಪ್ರಿಯ ಸಾಧನಗಳ ಕರ್ತೃಗಳು ಮಾತನಾಡಿದ್ದರಿಂದ. ಯಾರಿಗೂ ಗೊತ್ತಿಲ್ಲದ ಕಚೇರಿಯ ಲೆಕ್ಕಪತ್ರದ ಪ್ರೋಗ್ರಾಮು ಮುರಿದುಬೀಳುವುದಾಗಿದ್ದರೆ ಹೀಗಾಗುತ್ತಿತ್ತೇ ಎಂಬ ಸಂದೇಹ ಉಳಿಯುತ್ತದೆ.

ಇನ್ನೊಂದು ಮುಖ ಹಣದ್ದು. ಒಂದು ಕಾಲಕ್ಕೆ ಒಂದೇ ಎಳೆ ಓಡುವಂತೆ ಕಟ್ಟಿಹಾಕಿದ್ದ 'ಜಿಐಎಲ್' ಬೀಗವನ್ನು ತೆಗೆಯುವ ಸಲಹೆಗಳು ಹಿಂದೆಯೂ ಬಂದು ಹೋಗಿದ್ದವು. ಮೆಟಾ ಸಂಸ್ಥೆಯ ಸ್ಯಾಮ್ ಗ್ರಾಸ್ ಬರೆದ 703ನೇ ಪ್ರಸ್ತಾವಕ್ಕೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ದೊರೆಯಿತು. ತಾಂತ್ರಿಕ ಗುಣ ಇದ್ದೇ ಇದೆ; ಜೊತೆಗೆ ಮೂರು ಎಂಜಿನಿಯರ್-ವರ್ಷಗಳ ದುಡಿಮೆ ಒದಗಿಸುವುದಾಗಿ ಮೆಟಾ ಭರವಸೆ ಕೊಟ್ಟಿತ್ತು. ಸಂಬಳ ಪಡೆದು ಪ್ರಸ್ತಾವ ಬರೆಯುವವರಿಗೂ ರಾತ್ರಿ ನಿದ್ದೆಗೆಟ್ಟು ಬರೆಯುವವರಿಗೂ ಬಾಗಿಲು ಒಂದೇ ಆದರೂ ಒಳಹೊಗುವ ಶಕ್ತಿ ಒಂದೇ ಅಲ್ಲ. ಹಾಗೆಂದು ಮಂಡಳಿ ಕಣ್ಣುಮುಚ್ಚಿ ಒಪ್ಪಿಗೆ ನೀಡಲಿಲ್ಲ. ಮೂರು ಹಂತ ವಿಧಿಸಿತು. ತೊಂದರೆ ಕಂಡರೆ ಹಿಂಪಡೆಯುವ ಅಧಿಕಾರವನ್ನೂ ಉಳಿಸಿಕೊಂಡಿತು. ಈ ಎಚ್ಚರ ಶ್ಲಾಘನೀಯ.

ಕನ್ನಡಿಗರಿಗೆ ನೇರ ಸಂಬಂಧಿಸಿದ ಪ್ರಸ್ತಾವವೂ ಒಂದಿದೆ. ಪೈಥಾನ್ 3ರಲ್ಲಿ ಚರಾಂಶಗಳ ಹೆಸರನ್ನು ಇಂಗ್ಲಿಷೇತರ ಲಿಪಿಗಳಲ್ಲೂ ಬರೆಯಬಹುದೆಂದು 3131ನೇ ಪ್ರಸ್ತಾವ ಹೇಳಿತು. ಹೀಗಾಗಿ 'ಮೊತ್ತ', 'ಬಡ್ಡಿ' ಎಂಬ ಹೆಸರುಗಳು ಪೈಥಾನ್‌ನಲ್ಲಿ ಸಲ್ಲುತ್ತವೆ. ಆದರೆ 'ಸಾಫ್ಟ್‌ವೇರ್' ಎಂದು ಸರಿಯಾಗಿ ಮೂಡಿಸಲು ನಾವು ಅಕ್ಷರಗಳ ನಡುವೆ ಇಡುವ ಕಣ್ಣಿಗೆ ಕಾಣದ ಗುರುತು ಸಲ್ಲುವುದಿಲ್ಲ. ಪೈಥಾನ್ ಅದನ್ನು ದೋಷವೆಂದು ತಿರಸ್ಕರಿಸುತ್ತದೆ. ಇಂಥದನ್ನು ಬದಲಿಸಬೇಕೆಂದರೆ ಕನ್ನಡ ಬಲ್ಲವರೇ ಪ್ರಸ್ತಾವ ಹಿಡಿದು ಹೋಗಬೇಕಾಗುತ್ತದೆ, ಬೆಂಬಲಕ್ಕೆ ನಿಲ್ಲುವ ಸದಸ್ಯರೊಬ್ಬರನ್ನು ಹುಡುಕಬೇಕಾಗುತ್ತದೆ. ಪೈಥಾನ್ ನೆಚ್ಚಿ ಜೀವನ ಸಾಗಿಸುವವರು ಬೆಂಗಳೂರಿನಲ್ಲಿ ಬೀದಿಗೊಬ್ಬರಂತೆ ಸಿಗುತ್ತಾರೆ. ಸಿಬಿಎಸ್ಇ ಪಠ್ಯಕ್ರಮದ ಹನ್ನೊಂದು, ಹನ್ನೆರಡನೇ ತರಗತಿಗಳಲ್ಲೂ ಕಲಿಸುವುದು ಇದನ್ನೇ. ಬಳಕೆದಾರರಾಗಿ ಇಷ್ಟೊಂದು ಮುಂದಿರುವ ನಾವು ಕರಡು ಬರೆಯುವವರ ಸಾಲಿನಲ್ಲಿ ಎಲ್ಲಿದ್ದೇವೆ ಎಂದು ಕೇಳಿಕೊಳ್ಳುವುದು ತಪ್ಪಲ್ಲ.

ಬೀಗವಿಲ್ಲದ ಪೈಥಾನ್ 3.14 ಆವೃತ್ತಿಯಲ್ಲಿ ಪ್ರಾಯೋಗಿಕ ಹಂತ ದಾಟಿ ಅಧಿಕೃತ ಮಾನ್ಯತೆ ಪಡೆದಿದೆ. ಒಂದೇ ಎಳೆಯ ಪ್ರೋಗ್ರಾಮುಗಳಿಗೆ ಇದರಿಂದ ಶೇ 5ರಿಂದ 10ರಷ್ಟು ವೇಗ ತಗ್ಗುತ್ತದೆ. ಅದನ್ನೇ ಎಲ್ಲರಿಗೂ ಸಹಜ ಆಯ್ಕೆಯಾಗಿಸುವ ಮೂರನೆಯ ಹಂತಕ್ಕೆ ಆ ಬಿಡುಗಡೆಯ ವೇಳೆಗೆ ದಿನಾಂಕ ಗೊತ್ತುಪಡಿಸಿರಲಿಲ್ಲ. ಅದಕ್ಕೆ ಮುನ್ನ ಮತ್ತೊಂದು ಪ್ರಸ್ತಾವ ಬರಬೇಕು, ಮತ್ತೊಂದು ಸುತ್ತಿನ ಚರ್ಚೆ ನಡೆಯಬೇಕು.