ಪಿಂಚಣಿ ಅರ್ಜಿಯ ಒಂದು ಸಹಿ

ಅಮೆರಿಕದ ಫೆಡರಲ್ ಸರ್ಕಾರದಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಮೈಸೂರಿಗೋ ಬೆಂಗಳೂರಿಗೋ ಮರಳುವ ಕನ್ನಡಿಗರಿದ್ದಾರೆ. ಸೈಟು, ಕಾವೇರಿ ನೀರು, ಲಿಫ್ಟು ಎಲ್ಲವನ್ನೂ ವಿಚಾರಿಸಿಕೊಂಡೇ ಬರುತ್ತಾರೆ. ವಿಮೆಯ ಮಾತೆತ್ತಿದರೆ ಮಾತ್ರ ‘ಮೆಡಿಕೇರ್ ಇದೆಯಲ್ಲ’ ಎಂದುಬಿಡುತ್ತಾರೆ. ತೀರಾ ಅಪರೂಪದ ವಿನಾಯಿತಿ ಬಿಟ್ಟರೆ, ಹಿರಿಯರಿಗೆಂದು ಸರ್ಕಾರ ನಡೆಸುವ ಈ ವಿಮೆ ಅಮೆರಿಕದ ಗಡಿ ದಾಟುವುದಿಲ್ಲ.

ದಾಟುವುದು ಎಫ್‌ಇಎಚ್‌ಬಿ, 1960ರಿಂದ ಜಾರಿಯಲ್ಲಿರುವ ಫೆಡರಲ್ ನೌಕರರ ವಿಮೆ. ರಾಯಭಾರ ಕಚೇರಿಗಳಿಗೆ ವರ್ಗವಾಗಿ ಹೋದವರಿಗೂ ಅವರ ಹೆಂಡತಿ ಮಕ್ಕಳಿಗೂ ಇದೇ ಆಸರೆ. ನಿವೃತ್ತಿಗೆ ಮುಂಚಿನ ಐದು ವರ್ಷ ಬಿಡದೆ ಇದರಲ್ಲಿದ್ದವರು ಜೀವನಪೂರ್ತಿ ಉಳಿಸಿಕೊಳ್ಳಬಹುದು. ಪ್ರೀಮಿಯಂನಲ್ಲಿ ಸರ್ಕಾರದ ಪಾಲೂ ನಿಲ್ಲುವುದಿಲ್ಲ. ಗೊತ್ತುಪಡಿಸಿದ ಡಾಕ್ಟರು, ಆಸ್ಪತ್ರೆಗಳಿಗೇ ಸೀಮಿತವಾದ ಎಚ್‌ಎಂಒ ಮಾದರಿಯ ಪ್ಲಾನುಗಳು ಮಾತ್ರ ಹೊರದೇಶದಲ್ಲಿ ಸಾಮಾನ್ಯವಾಗಿ ತುರ್ತು ಚಿಕಿತ್ಸೆಗಷ್ಟೇ ಹಣ ಕೊಡುತ್ತವೆ. ಅಂಥವರು ಪ್ಲಾನು ಬದಲಿಸಿಕೊಂಡೇ ವಿಮಾನ ಹತ್ತಬೇಕು.

ನಮ್ಮ ಆಸ್ಪತ್ರೆಯ ವಿಮೆ ವ್ಯವಹಾರ ನೋಡುವ ಟಿಪಿಎ ಡೆಸ್ಕಿನಲ್ಲಿ ಎಫ್‌ಇಎಚ್‌ಬಿ ಕಾರ್ಡು ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಡುತ್ತಾರೆ. ಮೊದಲು ಕೈಯಿಂದ ಕಟ್ಟಬೇಕು, ಆಮೇಲೆ ಕ್ಲೇಮು. ಮಂಡಿ ಆಪರೇಷನ್ನಿಗೆ ‘ಪ್ಯಾಕೇಜ್’ ಎಂದು ಒಂದೇ ಸಾಲಿನ ಬಿಲ್ಲು ಕೊಟ್ಟರೆ ಅಮೆರಿಕದ ವಿಮೆಯವರ ಹತ್ತಿರ ನಡೆಯದು. ದಿನವಾರು, ಬಾಬ್ತುವಾರು ಲೆಕ್ಕ, ಕಾಯಿಲೆಯ ಹೆಸರು ಎಲ್ಲ ಬೇಕು. ಡಿಸ್ಚಾರ್ಜ್ ದಿನವೇ ಹಟ ಹಿಡಿದು ಬರೆಸಿಕೊಳ್ಳಿ. ತಿಂಗಳಾದ ಮೇಲೆ ಹೋದರೆ ಅಕೌಂಟ್ಸ್‌ನವರು ಕಣ್ಣೆತ್ತಿಯೂ ನೋಡುವುದಿಲ್ಲ.

ಇನ್ನು ಮೆಡಿಕೇರಿನ ‘ಬಿ’ ಭಾಗ, ಅಂದರೆ ಡಾಕ್ಟರ ಖರ್ಚಿನದು. ಅದಕ್ಕೆ ತಿಂಗಳು ತಿಂಗಳು ಕಟ್ಟಬೇಕು, ಇಲ್ಲಿ ಕೂತವರಿಗೆ ಅದರಿಂದ ಚಿಕ್ಕಾಸಿನ ಉಪಯೋಗವಿಲ್ಲ. ಹಾಗೆಂದು 65ಕ್ಕೆ ಬಿಟ್ಟು, 75ಕ್ಕೆ ಮಗಳ ಮನೆ ಸೇರಿ ಬೇಕೆಂದರೆ, ತಡವಾದ ಪ್ರತಿ ವರ್ಷಕ್ಕೆ ಶೇ 10ರಂತೆ ದಂಡ ಸೇರಿ ಕಂತು ದುಪ್ಪಟ್ಟು, ಅದೂ ಕೊನೆಯವರೆಗೆ. ಆದರೂ ಊರಲ್ಲೇ ನೆಲೆಸುವವರು ‘ಬಿ’ ಬಿಡಬಹುದು ಎಂದೇ ನನ್ನ ಅಭಿಪ್ರಾಯ. ಎಫ್‌ಇಎಚ್‌ಬಿ ಮಾತ್ರ ರದ್ದು ಮಾಡಬೇಡಿ. ನಿವೃತ್ತರು ಒಮ್ಮೆ ರದ್ದು ಮಾಡಿದರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ.

ನನಗೆ ಸಿಟ್ಟು ಬರುವುದು ಪಿಂಚಣಿ ಅರ್ಜಿಯ ವಿಷಯದಲ್ಲಿ. ತನ್ನ ಕಾಲಾನಂತರ ಹೆಂಡತಿಗೆ ಪಿಂಚಣಿ ಬೇಡ ಎಂದು ಬರೆದರೆ ಗಂಡನ ಕೈಗೆ ತಿಂಗಳಿಗೆ ನಾಲ್ಕು ಕಾಸು ಹೆಚ್ಚು ಬರುತ್ತದೆ. ಆದರೆ ಅವನು ಹೋದ ಮೇಲೆ, ಅವನ ಹೆಸರಲ್ಲಿದ್ದ ವಿಮೆ ಅವಳಿಗೆ ಮುಂದುವರಿಯುವುದಿಲ್ಲ. ಈಗಿನ ಎಫ್‌ಇಆರ್‌ಎಸ್ ಪಿಂಚಣಿಯಲ್ಲಿ ಹೆಂಡತಿಗೆ ಅರ್ಧ ಪಿಂಚಣಿ ಬಿಡಲು ಶೇ 10, ಕಾಲು ಭಾಗ ಬಿಡಲು ಶೇ 5 ಕಡಿತ. ಕಾಲು ಭಾಗ ಬಿಟ್ಟರೂ ಅವಳ ವಿಮೆ ಉಳಿಯುತ್ತದೆ. ಪ್ಲಾನಿನಲ್ಲಿ ಅವಳ ಹೆಸರಿರಬೇಕು, ಅಷ್ಟೇ. ‘ಬೇಡ’ ಎನ್ನಲು ಅವಳ ಒಪ್ಪಿಗೆಯ ಸಹಿ ನೋಟರಿ ಮುಂದೆ ಆಗಬೇಕೆಂಬ ಕಾನೂನೂ ಇದೆ. ‘ಇಲ್ಲೊಂದು ಸಹಿ ಹಾಕೇ’ ಎಂದು ಅವರು ಕಾಗದ ಮುಂದಿಟ್ಟರೆ ತಾಯಂದಿರೇ, ಕನ್ನಡಕ ಹಾಕಿಕೊಂಡು ಪೂರ್ತಿ ಓದಿ.